ನಮ್ಮ ಮಕ್ಕಳೂ ಬಾಯಿಲೆಕ್ಕವೂ

ಓದು, ಬರಹ, ಲೆಕ್ಕ ಎಂಬ ಮೂರು ವಿದ್ಯೆಗಳಲ್ಲಿ ಮೊದಲಿನೆರಡರ ವಿಷಯವಾಗಿ ನಮ್ಮ ನಾಡಿನಲ್ಲಿ ನಡೆದಷ್ಟು ಚರ್ಚೆಯು ಮೂರನೆಯದರ ವಿಷಯವಾಗಿ ನಡೆದಿಲ್ಲ. ಓದಲು ಬಾರದ ಮಗುವನ್ನು ಕಂಡರೆ ಪಾಲಕರು ಕಳವಳಪಡುತ್ತಾರೆ. ಬರೆಯಲು ಬಾರದವನನ್ನು ಕಂಡರೆ ಮಾಸ್ತರರು ನಾಚುತ್ತಾರೆ. ಆದರೆ ಏಳೆಂಟಲೆ ಎಷ್ಟೆಂದು ಕೇಳಿದಾಗ ಮಗುವು ತಂದೆಯ ಕಿಸೆಯೊಳಗಿನ ಫೋನಿಗೆ ಕೈ ಚಾಚಿದರೆ ಯಾರಿಗೂ ಕಳವಳವಿಲ್ಲ. "ಯಂತ್ರವಿರುವಾಗ ಮಗ್ಗಿ ಏತಕ್ಕೆ?" ಎಂದು ನಕ್ಕು ಸುಮ್ಮನಾಗುತ್ತಾರೆ. ಈ ನಗೆಯ ಬೆಲೆಯನ್ನು ತೆರುವವರು ಯಾರು? ಪಟ್ಟಣದ ಸ್ಥಿತಿವಂತರ ಮಕ್ಕಳಲ್ಲ. ಅವರಿಗೆ ಮನೆಪಾಠದ ಮಾಸ್ತರರಿದ್ದಾರೆ, ನಾಳೆ ಅವರ ಲೆಕ್ಕವನ್ನು ನೋಡಿಕೊಳ್ಳಲು ಕಾರಕೂನರೂ ಇರುವರು. ತೆರತಕ್ಕವರು ನಮ್ಮ ಎರೆಹೊಲದ ಒಕ್ಕಲಮಕ್ಕಳು, ಕೂಲಿಕಾರರ ಮಕ್ಕಳು, ಸಣ್ಣ ಅಂಗಡಿಕಾರರ ಮಕ್ಕಳು. ಆದುದರಿಂದ ಈ ಸಣ್ಣದೆಂದು ತೋರುವ ಸಂಗತಿಯನ್ನು ನಮ್ಮ ವಾಚಕರ ಮುಂದೆ ತುಸು ವಿಸ್ತಾರವಾಗಿಯೇ ಇಡಬೇಕೆಂದು ನಮಗೆ ತೋರಿದೆ.

ನವಲಗುಂದ ತಾಲೂಕಿನ ಯಮನೂರನ್ನೇ ಉದಾಹರಣೆಗಾಗಿ ತೆಗೆದುಕೊಳ್ಳೋಣ. ಬೆಣ್ಣೆಹಳ್ಳದ ದಂಡೆಯ ಮೇಲಿರುವ ಈ ಊರು ಹಿಂದೂ ಮುಸಲ್ಮಾನರಿಬ್ಬರಿಗೂ ಪವಿತ್ರವಾದುದು. ಅಲ್ಲಿಯ ಮಹಾತ್ಮನನ್ನು ಕೆಲವರು ಚಾಂಗದೇವನೆಂದೂ ಕೆಲವರು ರಾಜಾಬಾಗಸವಾರನೆಂದೂ ಕರೆದು, ಒಂದೇ ಸ್ಥಳಕ್ಕೆ ನಡೆದುಕೊಳ್ಳುತ್ತಾರೆ. ಹೋಳಿಹುಣ್ಣಿಮೆಯ ಅನಂತರ ಕೂಡುವ ಜಾತ್ರೆಗೆ ದೂರದೂರದಿಂದ ಜನವು ಬಂದು ಹಳ್ಳದಲ್ಲಿ ಮಿಂದು ದರ್ಶನ ಪಡೆಯುವದು. ಜಾತ್ರೆಯೆಂದ ಮೇಲೆ ಭಕ್ತಿಯ ಜತೆಗೆ ವ್ಯಾಪಾರವೂ ಇದ್ದದ್ದೇ. ಕಾಯಿ, ಊದಿನಕಡ್ಡಿ, ಬಳೆ, ಬೆಂಡು-ಬತ್ತಾಸುಗಳ ಅಂಗಡಿಗಳಲ್ಲಿ ತಾಯಿತಂದೆಗಳ ಪಕ್ಕದಲ್ಲಿ ಕುಳಿತ ಹತ್ತು-ಹನ್ನೆರಡು ವರುಷದ ಮಕ್ಕಳನ್ನು ನಮ್ಮ ಕಡೆಯ ಯಾವ ಜಾತ್ರೆಯಲ್ಲಿಯಾದರೂ ನೋಡಬಹುದು. ಮೂರು ಕಾಯಿ, ಎರಡು ಕಟ್ಟು ಊದಿನಕಡ್ಡಿ, ಕಾಲು ಕಿಲೋ ಬತ್ತಾಸು ಎಂದು ಗಿರಾಕಿಯು ಹೇಳಿ ಐದುನೂರರ ನೋಟು ಚಾಚಿದರೆ, ಹುಡುಗನು ಕಾಗದವನ್ನು ಹುಡುಕುವದಿಲ್ಲ. ಅವನ ತುಟಿ ಒಮ್ಮೆ ಅಲುಗುವದು. ಚಿಲ್ಲರೆಯು ಗಿರಾಕಿಯ ಅಂಗೈಗೆ ಬೀಳುವದು. ಅದೇ ಹುಡುಗನಿಗೆ ಶಾಲೆಯಲ್ಲಿ 35ನ್ನು 3ರಿಂದ ಗುಣಿಸೆಂದು ಹಲಗೆಯ ಮೇಲೆ ಬರೆದುಕೊಟ್ಟರೆ ಅವನು ತಬ್ಬಿಬ್ಬಾಗುವದುಂಟು.

ಇದು ನಮ್ಮ ಊಹೆಯ ಮಾತಲ್ಲ. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಮೂವರು ವಿದ್ವಾಂಸರು ಬೀದಿಯಲ್ಲಿ ಎಳನೀರು, ಕಾಯಿಪಲ್ಲೆ ಮಾರುವ ಐವರು ಮಕ್ಕಳನ್ನು ಪರೀಕ್ಷಿಸಿ ನೋಡಿ, ಅದರ ಫಲವನ್ನು 1985ರಲ್ಲಿ ಪ್ರಕಟಿಸಿದರು. ಗಿರಾಕಿಗಳಂತೆ ಹೋಗಿ ಕೇಳಿದಾಗ ಆ ಮಕ್ಕಳು ನೂರಕ್ಕೆ 98 ಲೆಕ್ಕಗಳನ್ನು ಸರಿಯಾಗಿ ಹೇಳಿದರು. ಅದೇ ಬಗೆಯ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಬರಿಯ ಅಂಕಿಗಳಾಗಿ ಕೊಟ್ಟಾಗ ನೂರಕ್ಕೆ 37ರಷ್ಟು ಮಾತ್ರ ಸರಿಯಾದವು. ಅರ್ಥಶಾಸ್ತ್ರದಲ್ಲಿ ನೊಬೆಲ್ ಪಾರಿತೋಷಕ ಪಡೆದ ಅಭಿಜಿತ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಸಂಗಡಿಗರು ಕಲಕತ್ತೆ, ದಿಲ್ಲಿಗಳ ಪೇಟೆಗಳಲ್ಲಿ ದುಡಿಯುವ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಸಂಶೋಧನೆಯೂ ಇದನ್ನೇ ಹೇಳುತ್ತದೆ. ಇಷ್ಟೇ ಅಲ್ಲ, ಅವರು ಇನ್ನೊಂದು ಮಾತನ್ನೂ ಕಂಡುಹಿಡಿದರು. ಪೇಟೆಯ ಮುಖವನ್ನೇ ಕಾಣದೆ ಶಾಲೆಯಲ್ಲಿ ಮಾತ್ರ ಕಲಿತ ಮಕ್ಕಳು ಪುಸ್ತಕದ ಲೆಕ್ಕದಲ್ಲಿ ಮುಂದಾಗಿದ್ದರೂ, ತೂಕ-ಬೆಲೆಗಳ ನಿಜವಾದ ವ್ಯವಹಾರವನ್ನು ಮುಂದಿಟ್ಟಾಗ ಬಹುಮಟ್ಟಿಗೆ ಸೋತರು. ಅಂದರೆ ಪೇಟೆಯ ಲೆಕ್ಕವು ಶಾಲೆಯ ಬಾಗಿಲೊಳಗೆ ಬರುವದಿಲ್ಲ, ಶಾಲೆಯ ಲೆಕ್ಕವು ಪೇಟೆಗೆ ಹೋಗುವದಿಲ್ಲ. ಒಂದೇ ವಿದ್ಯೆಯು ಎರಡು ಹೋಳಾಗಿ, ಎರಡೂ ಹೋಳುಗಳು ಒಂದನ್ನೊಂದು ಗುರುತಿಸದಂತಾಗಿವೆ. ಮಕ್ಕಳು ಶಾಲೆ ಬಿಟ್ಟು ಅಂಗಡಿಯಲ್ಲಿ ಕುಳಿತಿರಲೆಂಬುದು ನಮ್ಮ ಮತವಲ್ಲ. ಅಂಗಡಿಯಲ್ಲಿರುವ ಜಾಣ್ಮೆಯನ್ನು ಶಾಲೆಯು ತನ್ನದಾಗಿ ಮಾಡಿಕೊಳ್ಳಬೇಕೆಂಬುದೇ ನಮ್ಮ ಮತ. ಈ ಎರಡು ಹೋಳುಗಳನ್ನು ಕೂಡಿಸುವ ಬೆಸುಗೆಯೆಂದರೆ ನಮ್ಮ ಹಳೆಯ ಮಗ್ಗಿ ಮತ್ತು ಬಾಯಿಲೆಕ್ಕ.

ಹಿಂದಿನವರ ರೀತಿ

ಲೆಕ್ಕವೆಂಬುದು ಕನ್ನಡಿಗರಿಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ಬರೆದನು. ಅಡಿಗೆಯಿಂದ ವಾಸ್ತುವಿದ್ಯೆಯವರೆಗೆ, ಸಂಗೀತದಿಂದ ಗ್ರಹಗತಿಯವರೆಗೆ ಗಣಿತವಿಲ್ಲದೆ ನಡೆಯುವ ಕೆಲಸವಿಲ್ಲವೆಂದು ಅವನು ಆರಂಭದಲ್ಲಿಯೇ ಸಾರುತ್ತಾನೆ. ಗುಣಾಕಾರವನ್ನು ಕಲಿಸುವಾಗ ಅವನು ಕೊಟ್ಟ ಉದಾಹರಣೆಗಳಲ್ಲಿ ಕೆಲವು ಆಭರಣಗಳಂತೆಯೇ ಇವೆ. 139ನ್ನು 109ರಿಂದ ಗುಣಿಸಿದರೆ 15151 ಬರುವದು. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುವವು. 27994681ನ್ನು 441ರಿಂದ ಗುಣಿಸಿದರೆ 12345654321 ಎಂದು ಎರಡೂ ಕಡೆಯಿಂದ ಒಂದೇ ಸಮನಾಗಿ ಓದಬರುವ ಹಾರವು ಸಿದ್ಧವಾಗುವದು. ಇಂಥ ಲೆಕ್ಕವನ್ನು ಮಾಡಿ ಮುಗಿಸಿದ ಹುಡುಗನು ತನ್ನ ಉತ್ತರವು ಸರಿಯೆಂದು ಮಾಸ್ತರರನ್ನು ಕೇಳಬೇಕಾದುದಿಲ್ಲ. ಅಂಕಿಗಳ ಚೆಲುವೇ ಅವನಿಗೆ ಹೇಳುತ್ತದೆ. ಸಾಧನಕೇರಿಯ ವರಕವಿ ಬೇಂದ್ರೆಯವರು ತಮ್ಮ ಕೊನೆಗಾಲದಲ್ಲಿ ಸಂಖ್ಯೆಗಳ ಧ್ಯಾನದಲ್ಲಿ ಮುಳುಗಿದ್ದಾಗ ಅವರ ಮನಸ್ಸನ್ನು ಸೆಳೆದ ಸಂಖ್ಯೆಯೂ ಇದೇ 441, ಎಂದರೆ ಇಪ್ಪತ್ತೊಂದಿಪ್ಪತ್ತೊಂದಲೆ ನಾನೂರ ನಲವತ್ತೊಂದು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನು. ಆ ಗ್ರಂಥದ ಹೆಸರನ್ನು ನಮ್ಮ ವಾಚಕರು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಕನ್ನಡದಲ್ಲಿ ಗಣಿತವು ಹುಟ್ಟಿದ್ದೇ ವ್ಯವಹಾರದ ಕೈ ಹಿಡಿದುಕೊಂಡು.

ಈ ವಿದ್ಯೆಯು ಸಾಮಾನ್ಯರ ಮಕ್ಕಳಿಗೆ ಹೇಗೆ ಮುಟ್ಟುತ್ತಿತ್ತೆಂಬುದಕ್ಕೆ ಒಂದು ಒಳ್ಳೆಯ ಸಾಕ್ಷ್ಯವುಂಟು. ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಬೆಲ್ ಸಾಹೇಬನು 1823ರ ಆಗಸ್ಟ್ ತಿಂಗಳಲ್ಲಿ ಮದ್ರಾಸ್ ಸರಕಾರಕ್ಕೆ ತನ್ನ ಜಿಲ್ಲೆಯ ಶಾಲೆಗಳ ವರದಿಯನ್ನು ಕಳಿಸಿದನು. ಆಗ ಆ ಜಿಲ್ಲೆಯಲ್ಲಿ 533 ಊರಶಾಲೆಗಳಿದ್ದವು. ಅವುಗಳಲ್ಲಿ ಕನ್ನಡ ಶಾಲೆಗಳೇ 235. ಮಕ್ಕಳು ಮೊದಲು ನೆಲದ ಉಸುಕಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮುಂಜಾನೆ ಶಾಲೆಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈ ಮೇಲೆ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವದು. ಏಟಿನ ಪದ್ಧತಿಯನ್ನು ನಾವು ಮೆಚ್ಚುವದಿಲ್ಲ. ಆದರೆ ಸೊನ್ನೆಯ ಅರ್ಥವನ್ನು ಅಂಗೈಯಲ್ಲಿಟ್ಟು ತಿಳಿಸಿದ ಆ ಗುರುಗಳ ಚಾತುರ್ಯವನ್ನು ಮೆಚ್ಚದಿರಲಾರೆವು. ಲೆಕ್ಕದ ವಿಷಯವಾಗಿ ಸಾಹೇಬನು ಬರೆದದ್ದು ಇನ್ನೂ ಮಹತ್ವದ್ದು. ಕೂಡಿಸುವ ಮಗ್ಗಿ, ಗುಣಿಸುವ ಮಗ್ಗಿ, ಅಳತೆ, ತೂಕ, ಮಾಪುಗಳ ಕೋಷ್ಟಕ, ಇವೆಲ್ಲವನ್ನೂ ಮಕ್ಕಳು ದಿನಕ್ಕೆರಡು ಸಲ ಸಾಲಾಗಿ ನಿಂತು, ಹಿರಿಯ ವಿದ್ಯಾರ್ಥಿಯೊಬ್ಬನು ಹೇಳಿಕೊಟ್ಟಂತೆ ಒಕ್ಕೊರಲಿನಿಂದ ಹೇಳುತ್ತಿದ್ದರು. ಒಂದರ ಭಾಗಗಳನ್ನು ಹತ್ತು ಹತ್ತಾಗಿ ಅಲ್ಲ, ನಾಲ್ಕು ನಾಲ್ಕಾಗಿ ಒಡೆದು ಕಲಿಸಲು ಗುರುಗಳು ಬಹಳ ಶ್ರಮಪಡುತ್ತಿದ್ದರು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಈ ಪದ್ಧತಿಯು ಇಂಗ್ಲೆಂಡಿನಲ್ಲಿ ಅನುಕರಣೆಯಾದದ್ದು ಯೋಗ್ಯವೇ ಎಂದೂ ಅವನು ಒಪ್ಪಿಕೊಂಡನು. ಅದು ನಿಜವೇ. ಮದ್ರಾಸಿನಲ್ಲಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ನಮ್ಮ ಊರಶಾಲೆಗಳ ಉಸುಕಿನ ಬರಹವನ್ನೂ ಹುಡುಗರಿಂದ ಹುಡುಗರಿಗೆ ಪಾಠ ಹೇಳಿಸುವ ರೀತಿಯನ್ನೂ ಎತ್ತಿಕೊಂಡು 1797ರಲ್ಲಿ ಪುಸ್ತಕವನ್ನೇ ಬರೆದಿದ್ದನು.

ನಾಲ್ಕು ನಾಲ್ಕಾಗಿ ಒಡೆಯುವದೆಂದರೆ ಕಾಲು, ಕಾಲಿನ ಕಾಲು ವೀಸ, ವೀಸದ ಕಾಲು ಕಾಣಿ. ನಮ್ಮ ಧಾರವಾಡ ಜಿಲ್ಲೆಯು 1956ರ ವರೆಗೆ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಇಲ್ಲಿಯ ಮಾತಿನಲ್ಲಿ ಪಾವು, ಸವ್ವಾ, ದೀಡ, ಅಡೀಚ, ಪಾವಣೆ ಎಂಬ ಶಬ್ದಗಳೂ ಬೆರೆತವು. ಮರಾಠಿ ಶಾಲೆಗಳ ಪಾವಕಿ, ನಿಮಕಿ, ಸವಾಯಕಿ, ದಿಡಕಿಗಳು ಇದೇ ಬಗೆಯ ಮಗ್ಗಿಗಳು. ಆಗ ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಮಣಕ್ಕೆ 40 ಸೇರು. ಕಾಲು ರೂಪಾಯಿ ನಾಲ್ಕಾಣೆ, ವೀಸ ಒಂದಾಣೆ. ಶಾಲೆಯಲ್ಲಿ ಹೇಳಿದ ಮಗ್ಗಿಯೇ ಸಂತೆಯ ನಾಣ್ಯವಾಗಿತ್ತು, ಸಂತೆಯ ತಕ್ಕಡಿಯೇ ಶಾಲೆಯ ಕೋಷ್ಟಕವಾಗಿತ್ತು. ನಾವು ಮೇಲೆ ಹೇಳಿದ ಎರಡು ಹೋಳುಗಳು ಆಗ ಒಂದೇ ಆಗಿದ್ದವು.

ದಶಮಾನ ಬಂದ ಮೇಲೆ

1957ನೆಯ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಗಳಾದವು. ಅದರ ಹಿಂದಿನಿಂದ ಕಿಲೋ, ಲೀಟರು, ಮೀಟರುಗಳೂ ಬಂದವು. ಈ ಸುಧಾರಣೆಯಿಂದ ಲೆಕ್ಕವು ಹಗುರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಅದನ್ನು ಹಿಂದಕ್ಕೆ ತಿರುಗಿಸಬೇಕೆಂದು ಹೇಳುವಷ್ಟು ಅವಿವೇಕಿಗಳು ನಾವಲ್ಲ. ಆದರೆ ಆಣೆ-ಪೈಗಳನ್ನು ಬಿಡುವ ಅವಸರದಲ್ಲಿ ಶಾಲೆಗಳು ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆಯ ಮಗ್ಗಿಗಳನ್ನೂ ಹಳೆಯ ನಾಣ್ಯಗಳೊಡನೆಯೇ ಹೊರಗೆ ಹಾಕಿದವು. ಶಾಲೆ ಬಿಟ್ಟಿತೆಂದು ಒಕ್ಕಲುತನವು ಅವುಗಳನ್ನು ಬಿಟ್ಟಿತೇ? ಇಲ್ಲ. ಇಂದಿಗೂ ನಮ್ಮ ಹೊಲಗಳು ಎಕರೆಗೆ 40 ಗುಂಟೆಯಂತೆಯೇ ಅಳೆಯಲ್ಪಡುತ್ತವೆ. ಹತ್ತು ಗುಂಟೆಯೆಂದರೆ ಕಾಲು ಎಕರೆ, ಮೂವತ್ತು ಗುಂಟೆಯೆಂದರೆ ಮುಕ್ಕಾಲು. ಮೂರು ಎಕರೆ ಮೂವತ್ತು ಗುಂಟೆ ಹೊಲವನ್ನು ಎಕರೆಗೆ 12,000 ರೂಪಾಯಿಯಂತೆ ಲಾವಣಿಗೆ ಕೊಟ್ಟರೆ ಎಷ್ಟಾಯಿತು? ಯಂತ್ರಕ್ಕೆ ಮೂವತ್ತು ಗುಂಟೆ ತಿಳಿಯದು. ಹಳೆಯ ಮಗ್ಗಿ ಬಲ್ಲವನು 'ಪಾವಣೆ ನಾಲ್ಕು' ಎನ್ನುತ್ತಾನೆ: ನಾಲ್ಕೆಕರೆಗೆ 48,000, ಅದರಲ್ಲಿ ಕಾಲೆಕರೆಯ 3,000 ಕಳೆದರೆ 45,000. ಮಾತು ಮುಗಿಯುವದರೊಳಗೆ ಲೆಕ್ಕವೂ ಮುಗಿಯಿತು.

ಇನ್ನೊಂದು ಉದಾಹರಣೆ. 2025-26ರ ಮುಂಗಾರಿಗೆ ಕೇಂದ್ರ ಸರಕಾರವು ಹೆಸರುಕಾಳಿಗೆ ನಿಗದಿಮಾಡಿದ ಬೆಂಬಲಬೆಲೆ ಕ್ವಿಂಟಲಿಗೆ 8,768 ರೂಪಾಯಿ. ಹೆಸರು ನವಲಗುಂದ, ಅಣ್ಣಿಗೇರಿಗಳ ಮುಂಗಾರಿ ಬೆಳೆ. ಒಬ್ಬ ರೈತನ ಮಾಲು ಮೂರು ಕ್ವಿಂಟಲು 25 ಕಿಲೋ ತೂಗಿತೆನ್ನೋಣ. ಮೂರಕ್ಕೆ 26,304, ಕಾಲು ಕ್ವಿಂಟಲಿಗೆ 2,192, ಕೂಡಿ 28,496. ಈ ಲೆಕ್ಕವನ್ನು ತಕ್ಕಡಿಯ ಬಳಿ ನಿಂತೇ ಮಾಡಬಲ್ಲವನ ಕೈಗೆ ಪಟ್ಟಿಯನ್ನು ಬರೆದುಕೊಡುವವನು ಎಚ್ಚರಿಕೆಯಿಂದ ಬರೆಯುತ್ತಾನೆ. ಸಾಲದ ಮಾತಂತೂ ಹೇಳುವದೇ ಬೇಡ. ನಮ್ಮಲ್ಲಿ ಕೈಸಾಲದ ಬಡ್ಡಿಯನ್ನು ವರುಷಕ್ಕೆ ಶೇಕಡಾ ಇಷ್ಟೆಂದು ಹೇಳುವದಿಲ್ಲ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ಮೂರು ರೂಪಾಯಿ ಎನ್ನುತ್ತಾರೆ. ಎರಡು ಎಂಬ ಮಾತು ಕಿವಿಗೆ ಹಗುರವಾಗಿ ಕೇಳುವದು. ಹನ್ನೆರಡೆರಡಲೆ ಇಪ್ಪತ್ತನಾಲ್ಕು ಎಂದು ಮಗ್ಗಿಯು ಒಳಗಿನಿಂದ ನುಡಿದರೆ ಮಾತ್ರ ಅದರ ಭಾರವು ತಿಳಿಯುವದು. ಹದಿನೈದು ಸಾವಿರದ ಸಾಲದಲ್ಲಿ ನೂರೈವತ್ತು ನೂರುಗಳು, ತಿಂಗಳಿಗೆ 300, ಏಳು ತಿಂಗಳಿಗೆ 2,100. ಬೆಳೆವಿಮೆಯೂ ಹಾಗೆಯೇ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಹಾರಧಾನ್ಯ, ಎಣ್ಣೆಕಾಳುಗಳಿಗೆ ರೈತನ ಪಾಲು ಮುಂಗಾರಿಗೆ ನೂರಕ್ಕೆ 2, ಹಿಂಗಾರಿಗೆ ನೂರಕ್ಕೆ ಒಂದೂವರೆ. 40,000 ರೂಪಾಯಿಯ ವಿಮೆಗೆ ಮೊದಲನೆಯದು 800, ಎರಡನೆಯದು 600. ದೀಡಿನ ಮಗ್ಗಿ ಸತ್ತಿಲ್ಲ. ಶಾಲೆಯಲ್ಲಿ ಮಾತ್ರ ಅದು ಕೇಳಿಬರುತ್ತಿಲ್ಲ.

ನಾಗರಿಕನಾದವನಿಗೆ ಇದಕ್ಕೂ ದೊಡ್ಡ ಲೆಕ್ಕಗಳಿವೆ. ನೀರಿನ ಕರ, ಅಭಿವೃದ್ಧಿ ಕರಗಳ ಭಾರವನ್ನು ಲೆಕ್ಕಹಾಕಿ ನೊಂದ ನವಲಗುಂದ, ನರಗುಂದಗಳ ರೈತರು 1980ರ ಜುಲೈ 21ರಂದು ಬೀದಿಗಿಳಿದದ್ದನ್ನು ನಾಡು ಮರೆತಿಲ್ಲ. ಮಹಾದಾಯಿ ನೀರಿಗಾಗಿ 2016ರ ಜುಲೈಯಲ್ಲಿ ಹೋರಾಟ ನಡೆದಾಗ ಯಮನೂರಿನ ಜನರ ಮೇಲೆ ಪೋಲೀಸರ ಲಾಠಿ ಬಿದ್ದುದೂ ಹಳೆಯ ಮಾತಲ್ಲ. ಕಳಸಾ-ಬಂಡೂರಿ ಯೋಜನೆಯಿಂದ ಮಲಪ್ರಭೆಗೆ ನಾವು ಬಯಸಿದ ನೀರು 7.56 ಟಿ.ಎಂ.ಸಿ. 2018ರ ಆಗಸ್ಟ್ 14ರ ತೀರ್ಪಿನಲ್ಲಿ ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.90 ದೊರೆಯಿತು. ಇದು ಬಯಸಿದ್ದರ ಅರ್ಧವೇ, ಕಾಲೇ, ಮುಕ್ಕಾಲೇ? ಅರ್ಧಕ್ಕಿಂತ ತುಸು ಹೆಚ್ಚು ಎಂದು ಐದನೆಯ ಇಯತ್ತೆಯ ಮಗುವು ಬಾಯಿಯಲ್ಲಿ ಹೇಳಬಲ್ಲದು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಅದು ಸುಮಾರು 23,000 ಎಕರೆಯ ಮೇಲೆ ಒಂದಡಿ ನೀರು ನಿಲ್ಲಿಸುವಷ್ಟು. ಹಾಗಾದರೆ 3.90 ಟಿ.ಎಂ.ಸಿ. ಸುಮಾರು 90,000 ಎಕರೆಗೆ ಒಂದಡಿ. ತನ್ನ ಹಕ್ಕಿನ ನೀರು ಎಷ್ಟೆಂದು ಎಣಿಸಬಲ್ಲ ಪ್ರಜೆಯ ಮುಂದೆ ಯಾವ ಪಕ್ಷದ ಮುಖಂಡನೂ ಬಾಯಿಗೆ ಬಂದ ಅಂಕಿಯನ್ನು ಹೇಳಲಾರನು.

ಯಂತ್ರವೂ ಮನಸ್ಸೂ

ಇಷ್ಟಾದರೂ, ಇವೆಲ್ಲ ಲೆಕ್ಕಗಳನ್ನು ಫೋನು ಮಾಡುವದಿಲ್ಲವೇ ಎಂದು ಕೇಳುವವರು ಇದ್ದೇ ಇದ್ದಾರೆ. ಮಾಡುವದು, ನಿಜ. ಆದರೆ ಯಂತ್ರವು ಒತ್ತಿದ ಅಂಕಿಗೆ ಉತ್ತರ ಕೊಡುವದೇ ಹೊರತು ಒತ್ತಬೇಕಾಗಿದ್ದ ಅಂಕಿ ಯಾವುದೆಂದು ಹೇಳದು. ಒಂದು ಸೊನ್ನೆ ಹೆಚ್ಚಾದರೆ 450ರ ಬದಲು 4,500 ಹೋಗುವದು. 2016ರಲ್ಲಿ ಯು.ಪಿ.ಐ. ಪದ್ಧತಿ ಬಂದ ಮೇಲೆ ಹಳ್ಳಿಯ ಚಹದಂಗಡಿಯಲ್ಲಿಯೂ ಪೆಟ್ಟಿಗೆಯು ಬಂದ ಹಣವನ್ನು ಕೂಗಿ ಹೇಳುತ್ತದೆ. ಕೂಗಿದ ಮೊತ್ತವು ಬರಬೇಕಾದ ಮೊತ್ತವೇ ಎಂಬುದನ್ನು ತಿಳಿಯಬೇಕಾದವನು ಅಂಗಡಿಕಾರನೇ. ಉತ್ತರವು ಸುಮಾರು ಇಷ್ಟಿರಬೇಕೆಂಬ ಅಂದಾಜು ಯಾರಲ್ಲಿದೆಯೋ ಅವನಿಗೆ ಯಂತ್ರವು ಆಳು. ಯಾರಲ್ಲಿಲ್ಲವೋ ಅವನಿಗೆ ಯಂತ್ರವೇ ಒಡೆಯ.

ಮಗ್ಗಿಯನ್ನು ನೆನಪಿನಲ್ಲಿಡುವದು ಏತಕ್ಕೆ ಅವಶ್ಯವೆಂಬುದಕ್ಕೆ ಇನ್ನೊಂದು ಕಾರಣವಿದೆ. ಮನುಷ್ಯನ ಮನಸ್ಸು ಒಮ್ಮೆಗೆ ಕೆಲವೇ ಸಂಗತಿಗಳನ್ನು ಹಿಡಿದುಕೊಳ್ಳಬಲ್ಲದು. 344ನ್ನು 7ರಿಂದ ಭಾಗಿಸುವ ಮಗುವನ್ನು ನೋಡಿರಿ. ಮಗ್ಗಿ ಬಲ್ಲವನಿಗೆ ಏಳ್ನಾಲ್ಕಲೆ ಇಪ್ಪತ್ತೆಂಟು, ಉಳಿದದ್ದು ಆರು. ಅರವತ್ತನಾಲ್ಕರಲ್ಲಿ ಏಳೊಂಬತ್ತಲೆ ಅರವತ್ತಮೂರು. ಭಾಗಲಬ್ಧ 49, ಶೇಷ ಒಂದು. ಮಗ್ಗಿ ಬಾರದವನು ಏಳು, ಹದಿನಾಲ್ಕು, ಇಪ್ಪತ್ತೊಂದು ಎಂದು ಬೆರಳು ಮಡಿಚುತ್ತ ಮಡಿಚುತ್ತ ತಾನು ಯಾವ ಲೆಕ್ಕ ಮಾಡುತ್ತಿದ್ದೆನೆಂಬುದನ್ನೇ ಮರೆಯುತ್ತಾನೆ. ಆಗ ಅವನಿಗೆ ಗಣಿತವು ಕಠಿಣವೆನಿಸುವದು. ಕಠಿಣವಾದುದು ಗಣಿತವಲ್ಲ; ದಾರಿಯ ಬುತ್ತಿಯಿಲ್ಲದ ಪ್ರಯಾಣ.

ಬಾಯಿಪಾಠವು ಬುದ್ಧಿಯನ್ನು ಮಂದಮಾಡುವದೆಂಬ ಆಕ್ಷೇಪಣೆಯಲ್ಲಿಯೂ ಸತ್ಯಾಂಶವಿದೆ. ಅರ್ಥವಿಲ್ಲದೆ ಗಿಳಿಯಂತೆ ಹೇಳಿಸುವದೂ, ತಪ್ಪಿದರೆ ಬೆತ್ತ ಎತ್ತುವದೂ ಎಷ್ಟೋ ಮಕ್ಕಳನ್ನು ಗಣಿತದಿಂದ ಶಾಶ್ವತವಾಗಿ ಓಡಿಸಿವೆ. ಆದರೆ ದೋಷವು ಮಗ್ಗಿಯದಲ್ಲ, ಹೇಳಿಸುವ ರೀತಿಯದು. ಹತ್ತರ ವರೆಗಿನ ಮಗ್ಗಿಗಳಲ್ಲಿ ಒಟ್ಟು ನೂರು ಗುಣಾಕಾರಗಳಿವೆ. ಒಂದರದೂ ಹತ್ತರದೂ ಕಲಿಯತಕ್ಕವೇ ಅಲ್ಲ. ಮೂರೇಳಲೆ ಎಂಬುದೂ ಏಳ್ಮೂರಲೆ ಎಂಬುದೂ ಒಂದೇ ಎಂದು ಹುಣಸೆಬೀಜಗಳನ್ನು ಸಾಲಾಗಿಟ್ಟು ತೋರಿಸಿದರೆ ಉಳಿದವು 36 ಮಾತ್ರ. ಅವುಗಳಲ್ಲಿ ಎರಡರವು ಜೋಡಿ ಎಣಿಸುವವನಿಗೆ ಬರುತ್ತವೆ, ಐದರವು ಕೈಬೆರಳು ಎಣಿಸುವವನಿಗೆ ಬರುತ್ತವೆ. ಇವುಗಳನ್ನು ತೆಗೆದರೆ ನಿಜವಾಗಿ ಶ್ರಮಪಟ್ಟು ನೆನಪಿಡತಕ್ಕವು ಇಪ್ಪತ್ತೊಂದೇ ಇಪ್ಪತ್ತೊಂದು! ನಾಲ್ಕರದು ಎರಡರದರ ಇಮ್ಮಡಿ. ಎಂಟರದು ನಾಲ್ಕರದರ ಇಮ್ಮಡಿ. ಒಂಬತ್ತರದು ಹತ್ತರದರಲ್ಲಿ ಒಂದು ಸಲ ಕಡಿಮೆ. ಹೀಗೆ ಒಂದು ಮಗ್ಗಿಯಿಂದ ಇನ್ನೊಂದನ್ನು ಕಟ್ಟಬಲ್ಲ ಮಗುವು ಮರೆತರೂ ಮತ್ತೆ ಹುಟ್ಟಿಸಿಕೊಳ್ಳಬಲ್ಲದು. ತಿಳಿವಳಿಕೆಯು ಬಾಯಿಪಾಠಕ್ಕೆ ವೈರಿಯಲ್ಲ, ಅದರ ಒಡಹುಟ್ಟು.

ಕನ್ನಡದ ಎಣಿಕೆ

ಈ ಕೆಲಸಕ್ಕೆ ನಮ್ಮ ಭಾಷೆಯು ಕೊಡುವ ನೆರವನ್ನು ನಾವು ಅರಿತಿಲ್ಲ. ಹಿಂದಿಯಲ್ಲಿ ಎಪ್ಪತ್ತೊಂಬತ್ತಕ್ಕೆ 'ಉನ್ಯಾಸೀ', ಎಂಬತ್ತೊಂಬತ್ತಕ್ಕೆ 'ನವಾಸೀ'. ನೂರರ ವರೆಗಿನ ಹೆಸರುಗಳನ್ನು ಹೆಚ್ಚುಕಡಿಮೆ ಒಂದೊಂದಾಗಿಯೇ ಕಲಿಯಬೇಕು. ಇಂಗ್ಲಿಷಿನಲ್ಲಿ 'ಇಲೆವೆನ್', 'ಟ್ವೆಲ್ವ್' ಎಂಬ ಹೆಸರುಗಳಲ್ಲಿ ಹತ್ತರ ಸುಳಿವೇ ಇಲ್ಲ. ಕನ್ನಡದಲ್ಲಿ ಇಪ್ಪತ್ತೊಂದು ಎಂದರೆ ಇಪ್ಪತ್ತು ಮತ್ತು ಒಂದು. ಎಂಬತ್ತೇಳು ಎಂದರೆ ಎಂಬತ್ತು ಮತ್ತು ಏಳು. ಬರೆಯುವ ಕ್ರಮವೇ ನುಡಿಯುವ ಕ್ರಮ. ಹತ್ತಕ್ಕೆ ಒಂದು ಕಡಿಮೆ ಎಂಬುದೇ ಒಂಬತ್ತು ಎಂಬ ಶಬ್ದದ ಮೂಲವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. 47ಕ್ಕೆ 36 ಕೂಡಿಸುವಾಗ ನಲವತ್ತು-ಮೂವತ್ತು ಎಪ್ಪತ್ತು, ಏಳಾರು ಹದಿಮೂರು, ಎಂಬತ್ತಮೂರು ಎಂದು ಕನ್ನಡವೇ ದಾರಿ ತೋರಿಸುವದು. ಹೀಗಿರುವಲ್ಲಿ ಇಂದು ಎಷ್ಟೋ ಮಕ್ಕಳು 'ಟೂ ಒನ್ ಝಾ ಟೂ' ಎಂದು ಕೂಗುತ್ತಾರೆ. ಆ 'ಝಾ' ಎಂಬುದು ಯಾವ ಭಾಷೆಯ ಶಬ್ದವೂ ಅಲ್ಲ. 'ಒನ್ಸ್ ಆರ್' ಎಂಬ ಇಂಗ್ಲಿಷು ಮಾತು ಬಾಯಿಯಲ್ಲಿ ಸವೆದು ಉಳಿದ ಶಬ್ದ. ಎರಡೊಂದಲೆ ಎರಡು, ಎರಡೆರಡಲೆ ನಾಲ್ಕು ಎಂಬಲ್ಲಿಯ 'ಅಲೆ'ಗೆ ಅರ್ಥವಿದೆ, ಲಯವಿದೆ, ಮನೆಯಲ್ಲಿ ಅಜ್ಜಿಯು ತಪ್ಪು ತಿದ್ದಬಲ್ಲಳು. 2019-20ರಿಂದ ಸರಕಾರವೇ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷು ಮಾಧ್ಯಮದ ತರಗತಿಗಳನ್ನು ತೆರೆಯಲು ಹೊರಟಿತು. ಆ ವಾದವನ್ನು ನಾವಿಲ್ಲಿ ಎತ್ತುವದಿಲ್ಲ. ಯಾವ ಮಾಧ್ಯಮದಲ್ಲಿಯೇ ಓದಲಿ, ಮಗುವಿನ ಮಗ್ಗಿ ಮಾತ್ರ ಮನೆಮಾತಿನಲ್ಲಿರಲಿ ಎಂದಷ್ಟೇ ನಮ್ಮ ಬಿನ್ನಹ. ಅವಸರದಲ್ಲಿ, ಜಗಳದಲ್ಲಿ, ಸಂತೆಯ ಗದ್ದಲದಲ್ಲಿ ಮನುಷ್ಯನು ಎಣಿಸುವದು ಎಳೆತನದಲ್ಲಿ ಎಣಿಸಲು ಕಲಿತ ಭಾಷೆಯಲ್ಲಿಯೇ.

ಮಾಡತಕ್ಕ ಕೆಲಸ

ಪರಿಸ್ಥಿತಿಯು ಹಗುರವಾದುದಲ್ಲ. ಹಳ್ಳಿಗಳ ಮನೆಮನೆಗೆ ಹೋಗಿ ಮಕ್ಕಳ ಕಲಿಕೆಯನ್ನು ಅಳೆಯುವ 'ಅಸರ್' ವರದಿಯ ಪ್ರಕಾರ, 2024ರಲ್ಲಿ ಹಿಂದುಸ್ತಾನದ ಹಳ್ಳಿಗಳ ಐದನೆಯ ಇಯತ್ತೆಯ ಮಕ್ಕಳಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ನೂರಕ್ಕೆ ಸುಮಾರು 31 ಮಾತ್ರ. ಮೂರನೆಯ ಇಯತ್ತೆ ಮುಗಿಸುವದರೊಳಗೆ ಪ್ರತಿಯೊಂದು ಮಗುವಿಗೂ ಮೂಲ ಲೆಕ್ಕ ಬರತಕ್ಕದ್ದೆಂದು ಕೇಂದ್ರ ಸರಕಾರವು 2021ರ ಜುಲೈ 5ರಂದು 'ನಿಪುಣ ಭಾರತ'ವನ್ನು ಆರಂಭಿಸಿ, 2026-27ನ್ನು ಗಡುವಾಗಿ ಇಟ್ಟಿತು. ನಮ್ಮ ರಾಜ್ಯದಲ್ಲಿ 'ಗಣಿತ ಕಲಿಕಾ ಆಂದೋಲನ'ವು ಶಾಲೆಗಳಿಗೆ ಕಲಿಕೆಯ ಸಾಮಾನುಗಳ ಪೆಟ್ಟಿಗೆಯನ್ನು ಕೊಟ್ಟಿತು. ಯಂತ್ರಗಳ ತವರೂರಾದ ಇಂಗ್ಲೆಂಡು ಕೂಡ 2022ರಿಂದ ತನ್ನ ನಾಲ್ಕನೆಯ ವರುಷದ ಮಕ್ಕಳಿಗೆ ಹನ್ನೆರಡರ ವರೆಗಿನ ಮಗ್ಗಿಯ ಪರೀಕ್ಷೆಯನ್ನು ಕಡ್ಡಾಯಮಾಡಿದೆ: ಇಪ್ಪತ್ತೈದು ಪ್ರಶ್ನೆ, ಪ್ರತಿಯೊಂದಕ್ಕೂ ಆರು ಸೆಕೆಂಡು. ಒಂದು ಕಾಲಕ್ಕೆ ನಮ್ಮ ಊರಶಾಲೆಗಳ ಪದ್ಧತಿಯನ್ನು ಎತ್ತಿಕೊಂಡವರು ಇಂದು ಮಗ್ಗಿಗೆ ಮರಳುತ್ತಿರುವಾಗ ನಾವು ಅದನ್ನು ಕೈಬಿಡುವದು ಜಾಣತನವೇ?

ಇದಕ್ಕೆ ಹೊಸ ಕಾಯಿದೆ ಬೇಡ, ಹೆಚ್ಚಿನ ಹಣವೂ ಬೇಡ. ಒಂದನೆಯದಾಗಿ, ಪ್ರತಿಯೊಂದು ಕನ್ನಡ ಶಾಲೆಯಲ್ಲಿ ದಿನಕ್ಕೆ ಹತ್ತು ನಿಮಿಷ ಮಗ್ಗಿಗೆ ಮೀಸಲಾಗಲಿ. ಮೇಲಿನಿಂದ ಕೆಳಗೆ ಮಾತ್ರವಲ್ಲ, ಕೆಳಗಿನಿಂದ ಮೇಲೆಯೂ, ನಡುನಡುವೆಯೂ ಕೇಳಲಿ. ಎರಡನೆಯದಾಗಿ, ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆ, ಎರಡೂವರೆಯ ಮಗ್ಗಿಗಳನ್ನು ಮತ್ತೆ ತರಲಿ. ಅವುಗಳನ್ನು ಗುಂಟೆ, ಕಿಲೋ, ರೂಪಾಯಿಗಳೊಡನೆ ಜೋಡಿಸಲಿ. ಮೂರನೆಯದಾಗಿ, ಆರನೆಯ ಏಳನೆಯ ಇಯತ್ತೆಯ ಮಕ್ಕಳು ಚಿಕ್ಕವರಿಗೆ ಹೇಳಿಕೊಡಲಿ. ಕಲಿಸುವವನು ಎರಡು ಸಲ ಕಲಿಯುತ್ತಾನೆ. ನಾಲ್ಕನೆಯದಾಗಿ, ನಮ್ಮ ಅನೇಕ ಶಾಲೆಗಳಲ್ಲಿ ವರುಷಕ್ಕೊಮ್ಮೆ ನಡೆಯುವ ಮಕ್ಕಳ ಸಂತೆಯು ಉತ್ಸವವಾಗಿ ಮುಗಿಯದೆ ತಿಂಗಳಿಗೊಮ್ಮೆಯ ಪಾಠವಾಗಲಿ. ಸಂತೆಯಲ್ಲಿ ಬಾಯಿಂದ ಮಾಡಿದ ಲೆಕ್ಕವನ್ನು ಮರುದಿನ ಪಾಟಿಯ ಮೇಲೆ ಬರೆಯಿಸಲಿ. ಬೇರ್ಪಟ್ಟ ಎರಡು ಹೋಳುಗಳು ಕೂಡುವ ಜಾಗ ಇದೇ. ಐದನೆಯದಾಗಿ, ಯಾವ ಲೆಕ್ಕವನ್ನೇ ಮಾಡಲಿ, ಮೊದಲು ಅಂದಾಜು, ಆಮೇಲೆ ಉತ್ತರ, ಕೊನೆಗೆ ಬೇಕಿದ್ದರೆ ಯಂತ್ರ ಎಂಬ ಕ್ರಮವಿರಲಿ. ಕೊನೆಯದಾಗಿ, ಬೆತ್ತವು ಶಾಲೆಯ ಹೊರಗಿರಲಿ. ಉತ್ತರ ತಪ್ಪಿದ ಮಗುವಿಗೆ "ಹೇಗೆ ಮಾಡಿದಿ, ಹೇಳು ತಮ್ಮಾ" ಎಂದು ಕೇಳುವ ಮಾಸ್ತರರು ಏಟು ಕೊಡುವವರಿಗಿಂತ ಹೆಚ್ಚು ಕಲಿಸುತ್ತಾರೆ.

ಪಾಲಕರಿಗೂ ಒಂದು ಮಾತು. ಶಾಲೆಯ ಉಸ್ತುವಾರಿ ಸಮಿತಿಗಳಲ್ಲಿ ಕುಳಿತ ತಂದೆತಾಯಿಗಳು ಕಟ್ಟಡ, ಗೋಡೆ, ಬಿಸಿಯೂಟಗಳ ಬಗೆಗೆ ಕೇಳುವಂತೆ, ಈ ತಿಂಗಳು ಎಷ್ಟು ಮಕ್ಕಳಿಗೆ ಮಗ್ಗಿ ಬಂದಿತೆಂದೂ ಕೇಳತಕ್ಕದ್ದು. ಬೀಜ-ಗೊಬ್ಬರದ ಪಾವತಿಯನ್ನು, ಹಾಲಿನ ಲೆಕ್ಕವನ್ನು, ಕೂಲಿಯ ಬಟವಡೆಯನ್ನು ಮಗಳ ಕೈಯಿಂದಲೂ ಒಮ್ಮೆ ಮಾಡಿಸಿ ನೋಡತಕ್ಕದ್ದು. ಮಗಳೆಂದು ನಾವು ಬೇಕೆಂದೇ ಹೇಳಿದೆವು. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು 1980ರ ಜೂನ್ 18ರಂದು ಲಂಡನ್ನಿನಲ್ಲಿ ಹದಿಮೂರಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಗುಣಿಸಿ ಲೋಕವನ್ನು ಬೆರಗುಗೊಳಿಸಿದರು. ಅಂಥ ಪ್ರತಿಭೆಯು ಎಲ್ಲರಿಗೂ ಬರುವದಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಸಂಘದ ಸಾಲದ ಪುಸ್ತಕಕ್ಕೆ ಸಹಿ ಹಾಕುವ ಮೊದಲು ಬಡ್ಡಿ ಎಷ್ಟೆಂದು ಎಣಿಸಬಲ್ಲಷ್ಟು ಲೆಕ್ಕವು ಪ್ರತಿಯೊಬ್ಬ ಹೆಣ್ಣುಮಗಳಿಗೂ ಬರಲೇಬೇಕು.

ಹೊಲವು ಹಂಚಿಹೋಗಬಹುದು, ಹಳ್ಳವು ಬೆಳೆಯನ್ನು ಕೊಚ್ಚಿಕೊಂಡು ಹೋಗಬಹುದು, ಬೆಲೆಯು ಬಿದ್ದುಹೋಗಬಹುದು. ಎಂಟನೆಯ ವಯಸ್ಸಿನಲ್ಲಿ ಬಾಯಿಗೆ ಬಂದ ಮಗ್ಗಿಯು ಎಂಬತ್ತನೆಯ ವಯಸ್ಸಿನ ವರೆಗೆ ಜತೆಗಿರುವದು. ಅದನ್ನು ಯಾರೂ ಜಪ್ತಿಮಾಡಲಾರರು, ಅಣ್ಣತಮ್ಮಂದಿರು ಪಾಲು ಕೇಳಲಾರರು. ಹಳ್ಳಿಯ ಮಗುವಿಗೆ ನಾವು ಕೊಡಬಹುದಾದ ಆಸ್ತಿಗಳಲ್ಲಿ ಇಷ್ಟು ಅಗ್ಗವಾದದ್ದೂ ಇಷ್ಟು ಬಾಳಿಕೆಯದೂ ಮತ್ತೊಂದಿಲ್ಲ. ಅದನ್ನು ಕೊಡುವದಕ್ಕೆ ನಮ್ಮ ಮಾಸ್ತರರೂ ಪಾಲಕರೂ ಈ ವರುಷವೇ ಕೈಹಾಕಬೇಕೆಂದು ನಾವು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇವೆ.